ಎಲ್ಲಾ ಚೀಟಿ ಮ್ಯಾಲೂ ಬರೇ 'ಶ್ರೀ': ಬ್ಯಾಡಗಿ ಪ್ಯಾಟಿಯಾಗ ಕೆಟ್ಟ ಒಂದು ರ್‍ಯಾಪರ್ ಸ್ಕ್ರಿಪ್ಟಿನ ಪ್ರಕರಣ

ಸೋಮವಾರ ಮುಂಜಾನಿ ಬ್ಯಾಡಗಿಯಿಂದ ಫೋನ್ ಬಂತು. ತೂಕದ ಚೀಟಿ ಹೊಡಿಯೋ ನಮ್ಮ ಸಾಫ್ಟ್‌ವೇರ್ ಹಾಕಿದ ಅಡತಿ ಅಂಗಡಿ ಗುಮಾಸ್ತರು, ಪೂರಾ ಗಾಬರಿ ಆಗಿದ್ರು. "ಸರ್ರ, ಎಲ್ಲಾರ ಚೀಟಿ ಮ್ಯಾಲೂ ಬರೇ ಶ್ರೀ ಅಂತ ಬರಾಕತ್ತೈತ್ರಿ, ಮುಂದ ಹೆಸರ ಇಲ್ಲ, ಚೀಲ ಎಷ್ಟಂದ್ರ ಸೊನ್ನಿ ತೋರಸ್ತೈತಿ, ಹಮಾಲರು ಸುಮ್ನ ನಿಂತಾರ, ಏನ್ ಮಾಡ್ಲಿ ಹೇಳ್ರಿ." ಫೋನಿನಾಗ ಹಿಂದ ಚೀಲ ಒಗಿಯೋ ಸಪ್ಪಳ, ಮೆಣಸಿನಕಾಯಿ ಘಾಟಿಗೆ ಯಾರೋ ಸೀನೂದು ಎಲ್ಲಾ ಕೇಳ್ತಿತ್ತು.

ಸೋಮವಾರ ಮತ್ತ ಗುರುವಾರ ಅಂದ್ರ ಅಲ್ಲಿ ಮೆಣಸಿನಕಾಯಿ ಪ್ಯಾಟಿ ದಿವಸ, ಸೀಸನ್‌ದಾಗ ಒಂದ ದಿವಸಕ್ಕ ಲಕ್ಷ ಚೀಲ ದಾಟೂದು ಹೊಸಾದಲ್ಲ. ಅಂಥಾ ದಿವಸ ತೂಕದ ಚೀಟಿ ತಪ್ಪಿದ್ರ ಏನಾಗತೈತಿ ಅನ್ನೋದು ಹುಬ್ಬಳ್ಳಿಯಾಗ ಎಸಿ ಕೆಳಗ ಕುಂತು ಕೋಡ್ ಬರಿಯೋ ನಮಗ ತಿಳಿಯೂದಿಲ್ಲ, ಅಲ್ಲಿ ಹೋಗಿ ನಿಂತ್ರ ತಿಳೀತೈತಿ. ನಾ ಗಾಡಿ ತಗೊಂಡು ಹೊಂಟೆ, ಹಾವೇರಿ ದಾಟಿ ಮೋಟೆಬೆನ್ನೂರಿನಾಗ ಹೈವೇ ಬಿಟ್ಟು ಒಳಗ ಹೊಳ್ಳೋ ತನಕ ತಲಿಯಾಗ ಒಂದ ಪ್ರಶ್ನೆ, ಪ್ರೋಗ್ರಾಂ ನಾವು ಎರಡು ತಿಂಗಳು ಟೆಸ್ಟ್ ಮಾಡೇವಿ, ಲೆಕ್ಕ ಸರಿ ಐತಿ, ಪ್ರಿಂಟ್ ಸರಿ ಐತಿ, ಮತ್ತ ಇದೆಲ್ಲಿಂದ ಬಂತು?

ಬಂದಿದ್ದು ಪ್ರೋಗ್ರಾಂನಿಂದ ಅಲ್ಲ. ಪ್ರೋಗ್ರಾಂ ಚಾಲೂ ಮಾಡೋ ಇಪ್ಪತ್ತು ಸಾಲಿನ ಶೆಲ್ ಸ್ಕ್ರಿಪ್ಟಿನಿಂದ, ಅಂದ್ರ ಕಮಾಂಡ್ ಸಾಲಾಗಿ ಬರದಿಟ್ಟ ಫೈಲಿನಿಂದ, ಅದನ್ನ ಓದಿ ಓಡಸೋದಕ್ಕ ಶೆಲ್ ಅಂತಾರ. ಅದನ್ನ ಯಾರೂ ಕೈಯಿಂದ ಬರದಿದ್ದಿಲ್ಲ, ನಮ್ಮ ಬಿಲ್ಡ್ (ಕೋಡಿನಿಂದ ಪ್ರೋಗ್ರಾಂ ತಯಾರು ಮಾಡೋ ಕೆಲಸ) ಹುಟ್ಟಿಸಿದ್ದು, ಹಂಗಾಗಿ ಯಾರೂ ಅದನ್ನ ತಗದು ಓದಿದ್ದೂ ಇಲ್ಲ.

ಸ್ವಲ್ಪ ಹಿನ್ನೆಲೆ ಹೇಳ್ತೀನಿ. ನಮ್ಮದು ಸಿ ಪ್ಲಸ್ ಪ್ಲಸ್‌ದಾಗ ಬರದ ಎರಡು ಪ್ರೋಗ್ರಾಂ. ಒಂದು ರೀಡರ್, ದಿನಾಪೂರ್ತಿ ಓಡತೈತಿ, ಯುಎಸ್‌ಬಿ-ಸೀರಿಯಲ್ ಕೇಬಲ್ ಮ್ಯಾಲಿಂದ ಕಾಟಾದ ತೂಕ ಓದತೈತಿ. ಇನ್ನೊಂದು ಚೀಟಿ ಹೊಡಿಯೂದು, ಲಾಟ್ ನಂಬರ್, ಖರೀದಿದಾರರ ಹೆಸರು, ಚೀಲದ ಲೆಕ್ಕ, ಗಾಡಿ ನಂಬರ್ ಹಿಂಗ ಸಾಲಾಗಿ ನಾಲ್ಕು ಆರ್ಗ್ಯುಮೆಂಟ್, ಅಂದ್ರ ಚಾಲೂ ಮಾಡೋ ಮುಂದ ಕೊಡೋ ಮಾಹಿತಿ, ತಗೋತೈತಿ. ಮುಂದ ಒಂದು ಫಾರ್ಮ್ ಐತಿ, ಗುಮಾಸ್ತರು ಅದರಾಗ ಟೈಪ್ ಮಾಡ್ತಾರ, ಫಾರ್ಮ್ ಇವನ್ನ ಕರೀತೈತಿ. ಎರಡೂ ಪ್ರೋಗ್ರಾಂಗೆ ನಾವ ಕೊಡೋ ಲೈಬ್ರರಿ (ತಯಾರ್ ಕೋಡಿನ ಫೈಲ್) ಬೇಕು, ಕಾನ್ಫಿಗ್ (ಸೆಟ್ಟಿಂಗ್ ಫೈಲ್) ಎಲ್ಲೈತಿ ಅಂತ ಹೇಳಬೇಕು, ಇದನ್ನೆಲ್ಲಾ ಮಾಡಿ ಪ್ರೋಗ್ರಾಂ ಚಾಲೂ ಮಾಡೋ ಆ ಶೆಲ್ ಸ್ಕ್ರಿಪ್ಟೇ ರ್‍ಯಾಪರ್. ಇದು ನಮ್ಮದೊಂದ ಪದ್ಧತಿ ಅಲ್ಲ, ಗ್ನೂ ಲಿಬ್‌ಟೂಲ್ ಅನ್ನೋ ಬಿಲ್ಡ್ ಟೂಲ್ ಬಳಸಿದವ್ರಿಗೆ ಗೊತ್ತಿರತೈತಿ, ಬಿಲ್ಡ್ ಫೋಲ್ಡರಿನಾಗ ಪ್ರೋಗ್ರಾಂ ಹಂಗ ಕಾಣೂದು ಶೆಲ್ ಸ್ಕ್ರಿಪ್ಟ್, ಖರೇ ಬೈನರಿ (ಓಡೋ ಪ್ರೋಗ್ರಾಂ ಫೈಲ್) ಅಡಗಿರೋ ಲಿಬ್ಸ್ ಫೋಲ್ಡರಿನಾಗ ಕುಂತಿರತೈತಿ. ಗ್ರೇಡಲ್ ಅನ್ನೋ ಟೂಲ್ ಜಾವಾ ಪ್ರೋಗ್ರಾಂಗೆ ಸ್ಟಾರ್ಟ್ ಸ್ಕ್ರಿಪ್ಟ್ ಹುಟ್ಟಸ್ತೈತಿ, ನಿಕ್ಸ್‌ದಾಗೂ ಇದೇ ಕೆಲಸಕ್ಕ ಮೇಕ್‌ರ್‍ಯಾಪರ್ ಐತಿ. ನಮ್ಮಲ್ಲಿ ಬಿಲ್ಡಿನ ಕೊನಿಗೆ ಒಂದು ಪೈಥಾನ್ ಸ್ಕ್ರಿಪ್ಟ್ ಟೆಂಪ್ಲೇಟ್ (ಖಾಲಿ ಮಾದರಿ) ತಗೊಂಡು, ಪಾತ್ (ಫೈಲ್ ಇರೋ ಜಾಗಾ) ತುಂಬಿ, ಎರಡು ರ್‍ಯಾಪರ್ ಬರೀತಿತ್ತು. ಆ ಟೆಂಪ್ಲೇಟ್ ಮೂರು ವರ್ಷದ ಹಿಂದ ನಾನ ಬರದಿದ್ದು.

ಈಗ 'ಶ್ರೀ'ಗೆ ಬರೋಣು. ರ್‍ಯಾಪರಿನ ಮುಖ್ಯ ಸಾಲಿನಾಗ ಬೈನರಿ ಹೆಸರಿನ ಮುಂದ $* ಅಂತ ಇತ್ತು. $* ಅಂದ್ರ ಬಂದ ಆರ್ಗ್ಯುಮೆಂಟ್ ಎಲ್ಲಾ ಅಂತ ಅರ್ಥ. ಕೋಟ್ (ಉದ್ಧರಣ ಚಿಹ್ನೆ) ಇಲ್ಲದ $* ಏನ್ ಮಾಡತೈತಿ ಅಂದ್ರ ಬಂದ ಆರ್ಗ್ಯುಮೆಂಟ್ ಎಲ್ಲಾ ಸ್ಪೇಸ್ ಕಂಡಲ್ಲಿ ಒಡದು ಚೂರು ಮಾಡತೈತಿ. ಪ್ಯಾಟಿಯಾಗ ಅಂಗಡಿ ಹೆಸರು ಹೆಂಗಿರ್ತಾವ ನಿಮಗ ಗೊತ್ತ ಐತಿ, ಮೊದಲು ಶ್ರೀ, ಆಮ್ಯಾಲ ದೇವರ ಹೆಸರು, ಕೊನಿಗೆ ಟ್ರೇಡರ್ಸ್. ಫಾರ್ಮ್ ಅದನ್ನ ಒಂದ ಆರ್ಗ್ಯುಮೆಂಟ್ ಅಂತ ಸರಿಯಾಗೇ ಕೊಟ್ಟಿತ್ತು, ರ್‍ಯಾಪರ್ ಮೂರು ಮಾಡಿತು. ಹೆಸರಿನ ಜಾಗಾಕ್ಕ ಶ್ರೀ ಬಂತು, ಚೀಲದ ಲೆಕ್ಕದ ಜಾಗಾಕ್ಕ ದೇವರ ಹೆಸರು ಬಂತು, ಆ ದೇವರ ಹೆಸರನ್ನ ನಮ್ಮ ಪ್ರೋಗ್ರಾಂ ನಂಬರ್ ಅಂತ ತಿಳಕೊಂಡು ಓದಿ ಸೊನ್ನಿ ಮಾಡಿತು. ಹುಬ್ಬಳ್ಳಿಯಾಗ ನಾವು ಟೆಸ್ಟಿಗೆ ಹಾಕ್ತಿದ್ದ ಹೆಸರು 'ಟೆಸ್ಟ್', ಒಂದ ಶಬ್ದ, ಎರಡು ತಿಂಗಳು ಒಮ್ಮೆನೂ ಸ್ಪೇಸ್ ಹಾಕಿದ್ದಿಲ್ಲ.

ಹೆಸರು ತಪ್ಪಿದ್ದಕ್ಕಿಂತ ಆ ಸೊನ್ನಿ ದೊಡ್ಡ ಅಪಾಯ. ಒಟ್ಟು ತೂಕದಾಗ ಖಾಲಿ ಚೀಲದ ತೂಕ ಕಳಿಬೇಕು, ಆ ಅಂಗಡಿ ಸೆಟ್ಟಿಂಗ್‌ದಾಗ ಚೀಲಕ್ಕ 1 ಕೆಜಿ ಅಂತ ಇತ್ತು. 40 ಚೀಲದ ಲಾಟಿಗೆ ಲೆಕ್ಕ ಸೊನ್ನಿ ಆದ್ರ ಕಳಿಯೂದೂ ಸೊನ್ನಿ, 40 ಕೆಜಿ ಮೆಣಸಿನಕಾಯಿ ಇಲ್ಲದ್ದು ಚೀಟಿ ಮ್ಯಾಲ ಐತಿ ಅಂತ ಆತು. ಬ್ಯಾಡಗಿ ಕಡ್ಡಿ, ಡಬ್ಬಿ ಮಾಲಿಗೆ 40 ಕೆಜಿ ಅಂದ್ರ ಸಣ್ಣ ರೊಕ್ಕ ಅಲ್ರಿ. ಗುಮಾಸ್ತರು ಕಣ್ಣಿಟ್ಟು ನೋಡಿದ್ದಕ್ಕ ತಪ್ಪಿತು, ಇಲ್ಲಾಂದ್ರ ಆ ಚೀಟಿ ಮ್ಯಾಲ ಲೆಕ್ಕ ಆಗಿ ರೊಕ್ಕ ಕೈ ಬದಲ ಆಗಿರ್ತಿತ್ತು. ಪ್ರಿಂಟ್ ಆದ ಚೀಟಿ ಎಲ್ಲಾ ಹರದು ಹಾಕಿ ಕೈಚೀಟಿ ಬರದ್ರು.

ಪರಿಹಾರ ಮೂರು ಕ್ಯಾರೆಕ್ಟರಿಂದು. $* ತಗದು "$@" ಹಾಕೂದು, ಡಬಲ್ ಕೋಟ್ ಸಹಿತ. ಕೋಟ್ ಮರತ್ರ $@ ಹಾಕಿದ್ರೂ ಒಡೀತೈತಿ, "$*" ಅಂತ ಕೋಟ್ ಹಾಕಿದ್ರ ಉಲ್ಟಾ ಎಲ್ಲಾ ಕೂಡಿ ಒಂದ ಆಗತೈತಿ, "$@" ಒಂದ ಬಂದದ್ದನ್ನ ಬಂದಂಗ ಮುಂದ ದಾಟಸ್ತೈತಿ. ಇನ್ನೊಂದು ವಿಷಯ ಆಮ್ಯಾಲ ತಿಳೀತು, ಕೋಟ್ ಇಲ್ಲದ್ದಕ್ಕ ಖಾಲಿ ಆರ್ಗ್ಯುಮೆಂಟ್ ಪೂರಾ ಮಾಯ ಆಗತೈತಿ. ನಡುವಿಂದು ಒಂದು ಫೀಲ್ಡ್ ಖಾಲಿ ಬಿಟ್ರ ಅದರ ಮುಂದಿಂದೆಲ್ಲಾ ಒಂದೊಂದು ಜಾಗಾ ಹಿಂದ ಸರೀತೈತಿ, ಎರರ್ ಏನೂ ಬರೂದಿಲ್ಲ, ತಪ್ಪು ಜಾಗಾದಾಗ ಸರಿ ಡೇಟಾ ಕುಂದರ್ತೈತಿ. ಅದನ್ನ ಹುಡುಕೂದು ಭಾಳ ತ್ರಾಸ.

ಅಲ್ಲೇ ಅಂಗಡಿಯಾಗ ಕುಂತು ನ್ಯಾನೋ ಎಡಿಟರ್ ತಗದು ಎರಡೂ ರ್‍ಯಾಪರ್ ತಿದ್ದಿದೆ, ಚೀಟಿ ಸರಿ ಬರಾಕತ್ತು, ಸಾವ್ಕಾರ್ರು ಚಾ ತರಿಸಿದ್ರು. ತಾಸೊತ್ತಿನಾಗ ಕಾಟಾದ ಕೇಬಲ್ ಸಡಿಲ ಆಗಿ ರೀಡರ್ ತಾನ ನಿಂತ್ಕೊತು, ಆವಾಗ ಸ್ಕ್ರೀನ್ ಮ್ಯಾಲ ಅರ್ಧಾ ಕಡದ ಶಬ್ದ ಒಂದು ಬಂದು, ಇಂಥಾ ಕಮಾಂಡ್ ಸಿಗಲಿಲ್ಲ ಅಂತ ಎರರ್. ಅಂಥಾ ಶಬ್ದ ನಾ ಎಲ್ಲೂ ಬರದಿಲ್ಲ. ಐದು ನಿಮಿಷ ಆ ಸಾಲನ್ನ ನೋಡಕೋತ ಕುಂತೆ, ಆಮ್ಯಾಲ ಹೊಳೀತು. ಬ್ಯಾಶ್ ಅನ್ನೋ ಶೆಲ್ ಸ್ಕ್ರಿಪ್ಟನ್ನ ಒಮ್ಮೆಲೇ ಪೂರ್ತಿ ಓದಿ ಇಟ್ಕೊಳ್ಳೂದಿಲ್ಲ, ಓದಕೋತ ಓಡಸ್ತೈತಿ, ಎಷ್ಟನೇ ಬೈಟಿನ ತನಕ ಓದೇನಿ ಅಂತ ಗುರ್ತ ಇಟ್ಟಿರತೈತಿ. ರೀಡರ್ ಓಡೋ ಮುಂದ ಅದರ ರ್‍ಯಾಪರ್ ಕಾಯಕೋತ ಕುಂತಿತ್ತು, ಆ ಹೊತ್ತಿನಾಗ ನಾ ಅದೇ ಫೈಲಿನಾಗ ಅಕ್ಷರ ಸೇರಿಸಿ ಸೇವ್ ಮಾಡೇನಿ, ಸಾಲು ಜರಗ್ಯಾವ, ರೀಡರ್ ನಿಂತ ಮ್ಯಾಲ ಬ್ಯಾಶ್ ಹಳೇ ಗುರ್ತಿನಿಂದ ಹೊಸಾ ಫೈಲ್ ಓದಾಕ ಚಾಲೂ ಮಾಡೇತಿ, ಅದು ಒಂದು ಶಬ್ದದ ನಟ್ಟನಡುವ ಬಿದ್ದೈತಿ. ನಮ್ಮ ಪುಣ್ಯಾಕ್ಕ ಆ ಚೂರು ಯಾವುದೂ ಫೈಲ್ ಅಳಸೋ ಕಮಾಂಡ್ ಆಗಿದ್ದಿಲ್ಲ.

ಇಲ್ಲಿ ಬ್ಯಾಶ್ ಹೆಂಗ ಬಂತು ಅಂತ ಕೇಳಬಹುದು, ಯಾವ ಶೆಲ್ ಓಡಿಸಬೇಕು ಅಂತ ಹೇಳೋ ಟೆಂಪ್ಲೇಟಿನ ಮೊದಲ ಸಾಲಿನಾಗ ಬರೇ ಎಸ್‌ಎಚ್ ಅಂತ ಇತ್ತಲ್ಲ. ಅದೂ ಒಂದು ಕಥಿ. ನಾ ಟೆಂಪ್ಲೇಟ್ ಬರದದ್ದು ಫೆಡೋರಾ ಲಿನಕ್ಸ್ ಇದ್ದ ಲ್ಯಾಪ್‌ಟಾಪಿನಾಗ, ಅಲ್ಲಿ ಎಸ್‌ಎಚ್ ಅಂದ್ರೂ ಬ್ಯಾಶೇ. ಅಂಗಡಿ ಮಷಿನ್ ಇನ್ನೊಂದು ಲಿನಕ್ಸ್, ಉಬುಂಟು, ಅಲ್ಲಿ 2006ರ 6.10 ಆವೃತ್ತಿಯಿಂದ ಎಸ್‌ಎಚ್ ಅಂದ್ರ ಡ್ಯಾಶ್ ಅನ್ನೋ ಬ್ಯಾರೆ ಶೆಲ್, ಅದಕ್ಕ ನಮ್ಮ ಟೆಂಪ್ಲೇಟಿನಾಗ ಇದ್ದ ಜೋಡಿ ಚೌಕ ಬ್ರ್ಯಾಕೆಟ್ [[ ಗೊತ್ತಿಲ್ಲ. ಐತವಾರ ಇನ್‌ಸ್ಟಾಲ್ ಮಾಡಾಕ ಹೋಗಿದ್ದ ನಮ್ಮ ಹುಡುಗ ಎರರ್ ನೋಡಿ ಮೊದಲ ಸಾಲು ಬ್ಯಾಶ್ ಅಂತ ಬದಲಿಸಿ ಮುಂದ ಹೋಗಿದ್ದ. ಅದರ ಮುಂಚೆ ಇನ್ನೊಂದು ಆಗಿತ್ತು, ಗುಮಾಸ್ತರು ಫೋಲ್ಡರಿಗೆ 'ಮೆಣಸಿನಕಾಯಿ ತೂಕ' ಅಂತ ಹೆಸರಿಟ್ಟಿದ್ರು, ನಡುವ ಸ್ಪೇಸ್, ರ್‍ಯಾಪರ್ 127 ಕೊಟ್ಟು ಬಿತ್ತು, ಅಂದ್ರ ಕಮಾಂಡ್ ಸಿಗಲಿಲ್ಲ. ಇವ ಫೋಲ್ಡರ್ ಹೆಸರಿನಾಗಿಂದ ಸ್ಪೇಸ್ ತಗದ. ಸಂಜಿ ನನಗ ಹೇಳಿದ, "ಅಣ್ಣಾ, ಸಣ್ಣ ಎರಡು ಪ್ರಾಬ್ಲಂ ಇದ್ದು, ಮುಗಿಸೇನಿ." ನಾನೂ ಛಲೋ ಆತು ಅಂದೆ. ಆವಾಗ ಕೂತು ಯಾಕ ಹಂಗಾತು ಅಂತ ಕೇಳಿದ್ರ ಸೋಮವಾರದ ಗಲಾಟಿ ಆಗ್ತಿದ್ದಿಲ್ಲ, ಯಾಕಂದ್ರ ಫೋಲ್ಡರಿನ ಸ್ಪೇಸ್ ಮತ್ತ ಹೆಸರಿನ ಸ್ಪೇಸ್ ಎರಡೂ ಒಂದ ರೋಗ. ತಪ್ಪು ಆ ಹುಡುಗಂದಲ್ಲ, ಟೆಂಪ್ಲೇಟ್ ನಂದು.

ಮಧ್ಯಾಹ್ನ ಮುಂದಿಂದು ಬಂತು. ರೀಡರ್ ಬಂದ್ ಮಾಡಿ ಚಾಲೂ ಮಾಡಿದ್ರ ಪೋರ್ಟ್ (ಕಾಟಾದ ಕೇಬಲ್ ಹಚ್ಚೋ ಜಾಗಾ) ಬಿಜಿ ಐತಿ ಅಂತ ಎರರ್. ಫಾರ್ಮಿನಾಗಿನ ಬಂದ್ ಬಟನ್ ತಾನು ಚಾಲೂ ಮಾಡಿದ ಪ್ರೋಸೆಸ್ಸಿಗೆ (ಓಡಾಕತ್ತ ಪ್ರೋಗ್ರಾಂಗೆ) ಟರ್ಮ್ ಸಿಗ್ನಲ್, ಅಂದ್ರ ನಿಲ್ಲು ಅನ್ನೋ ಸೂಚನೆ, ಕಳಸ್ತೈತಿ. ತಾನು ಚಾಲೂ ಮಾಡಿದ್ದು ಯಾವುದು? ರೀಡರ್ ಅಲ್ಲ, ರ್‍ಯಾಪರ್ ಓಡಸೋ ಶೆಲ್. ಸಿಗ್ನಲ್ ಶೆಲ್ಲಿಗೆ ಹೋತು, ಶೆಲ್ ಸತ್ತಿತು, ಅದು ಚಾಲೂ ಮಾಡಿದ 'ಮಗ' ರೀಡರ್‌ಗೆ ಸುದ್ದಿನ ಇಲ್ಲ, ಅದು ಕಾಟಾದ ಪೋರ್ಟ್ ಹಿಡಕೊಂಡು ಒಬ್ಬಂಟಿಗನಾಗಿ ಓಡಾಕತ್ತಿತ್ತು. ಪ್ರೋಸೆಸ್ ಲಿಸ್ಟ್ ತಗದ್ರ ಹಂಥಾವು ಎರಡು ಕುಂತಿದ್ದು, ಒಂದು ಪೋರ್ಟ್ ಹಿಡದದ್ದು, ಇನ್ನೊಂದು ಪೋರ್ಟ್ ಸಿಗಲಿ ಅಂತ ಕಾಯೂದು.

ಇದಕ್ಕ ಔಷಧ ಎಕ್ಸೆಕ್. ರ್‍ಯಾಪರಿನ ಕೊನೇ ಸಾಲಿನಾಗ ಬೈನರಿ ಹೆಸರಿನ ಹಿಂದ ಎಕ್ಸೆಕ್ ಅಂತ ಒಂದ ಶಬ್ದ ಹಾಕಿದ್ರ ಶೆಲ್ ಹೊಸ ಮಗನ್ನ ಹುಟ್ಟಸೂದಿಲ್ಲ, ತಾನ ಆ ಪ್ರೋಗ್ರಾಂ ಆಗತೈತಿ. ಪ್ರೋಸೆಸ್ ನಂಬರ್ ಅದೇ ಇರತೈತಿ, ಸಿಗ್ನಲ್ ನೇರ ಮುಟ್ಟತೈತಿ, ಮತ್ತ ಶೆಲ್ಲೇ ಉಳಿಯೂದಿಲ್ಲ ಅಂದ ಮ್ಯಾಲ ಅರ್ಧಾ ಓದಿದ ಸ್ಕ್ರಿಪ್ಟಿನ ಪ್ರಶ್ನೆನೂ ಇಲ್ಲ. ನನ್ನ ಅಭಿಪ್ರಾಯದಾಗ ರ್‍ಯಾಪರಿನ ಕೆಲಸ ಬಾಗಲಾ ತಗದು ಬಾಜೂಕ ಸರಿಯೂದು, ಒಳಗ ಬಂದು ಕುಂದ್ರೂದು ಅಲ್ಲ.

ಹಂಗಾರ ನಾ ಎಕ್ಸೆಕ್ ಯಾಕ ಹಾಕಿದ್ದಿಲ್ಲ? ಪ್ರೋಗ್ರಾಂ ಮುಗದ ಮ್ಯಾಲ ಲಾಗಿನಾಗ ಟೈಮ್ ಬರಿಬೇಕು ಅಂತ ಆಸೆ. ಪ್ರೋಗ್ರಾಂ ಸಾಲಿನ ಕೆಳಗ ಲಾಗ್ ಬರಿಯೋ ಒಂದು ಎಕೋ ಕಮಾಂಡ್ ಇತ್ತು, ಸ್ಕ್ರಿಪ್ಟಿನ ಕೊನೇ ಕಮಾಂಡ್ ಅದ. ಶೆಲ್ ಸ್ಕ್ರಿಪ್ಟ್ ವಾಪಸ್ ಕೊಡೂದು ಕೊನೇ ಕಮಾಂಡಿನ ಸ್ಟೇಟಸ್ (ಸೊನ್ನಿ ಅಂದ್ರ ಪಾಸ್), ಎಕೋ ಹೆಚ್ಚೂಕಮ್ಮಿ ಯಾವಾಗಲೂ ಪಾಸ್, ಅಂದ್ರ ಮೂರು ವರ್ಷದಿಂದ ನಮ್ಮ ಪ್ರೋಗ್ರಾಂ ಸತ್ತರೂ ಫಾರ್ಮಿಗೆ ಸೊನ್ನೀನ ಹೋಗಾಕತ್ತಿತ್ತು, ಎಲ್ಲಾ ಸರಿ ಐತಿ ಅಂತ. ಸೆಗ್‌ಫಾಲ್ಟ್ (ಮೆಮೊರಿ ತಪ್ಪಿಗೆ ಪ್ರೋಗ್ರಾಂ ಸಾಯೂದು) ಆದ್ರ ಶೆಲ್ 139 ಅಂತ ನೋಡತೈತಿ, 128ಕ್ಕ ಸಿಗ್ನಲ್ ನಂಬರ್ 11 ಕೂಡಿಸಿ, ಟರ್ಮ್ ಆದ್ರ 143, ಬೈನರಿ ಇದ್ದೂ ಓಡಸೋ ಪರ್ಮಿಷನ್ ಇಲ್ಲಾಂದ್ರ 126. ಇಷ್ಟು ಚಂದ ಸುದ್ದಿ ಹೇಳೋ ನಂಬರ್‌ಗಳನ್ನ ನಾ ಒಂದು ಲಾಗ್ ಸಾಲಿಗಾಗಿ ಒರಸಿ ಹಾಕಿದ್ದೆ. ಈ ಒಂದು ತಪ್ಪು ನನಗ ಎಲ್ಲಾದಕ್ಕಿಂತ ಜಾಸ್ತಿ ಚುಚ್ಚಿತು.

ಸಂಜಿಗೆ ದಿನದ ಪಟ್ಟಿ ತಗಿಯೋ ಹೊತ್ತು. ಪಿಡಿಎಫ್ ಆಗತೈತಿ, ಆದ್ರ ತಗದು ನೋಡೋ ವ್ಯೂವರ್ ನಮ್ಮ ಪ್ರೋಗ್ರಾಂನಿಂದ ತಗದ್ರ ತಗೀವಲ್ದು, ಫೋಲ್ಡರಿಗೆ ಹೋಗಿ ಕ್ಲಿಕ್ ಮಾಡಿದ್ರ ತಗೀತೈತಿ. ಎರರ್ ಏನಂದ್ರ ಸಿ ಪ್ಲಸ್ ಪ್ಲಸ್ ಲೈಬ್ರರಿಯ ಇಂಥಾ ವರ್ಷನ್ ಸಿಗಲಿಲ್ಲ. ರ್‍ಯಾಪರ್ ಎಲ್‌ಡಿ ಲೈಬ್ರರಿ ಪಾತ್ ಅನ್ನೋ ಎನ್ವಿರಾನ್ಮೆಂಟ್ ವೇರಿಯಬಲ್ (ಲೈಬ್ರರಿ ಎಲ್ಲಿ ಹುಡಕಬೇಕು ಅಂತ ಹೇಳೋ ಸೆಟ್ಟಿಂಗ್) ಸೆಟ್ ಮಾಡ್ತಿತ್ತು, ಅದು ನಮ್ಮ ಪ್ರೋಗ್ರಾಂಗಷ್ಟ ನಿಲ್ಲೂದಿಲ್ಲ, ಅದು ಹುಟ್ಟಸೋ ಎಲ್ಲಾ ಮಕ್ಕಳಿಗೂ ಹೋಗತೈತಿ. ವ್ಯೂವರಿಗೆ ಹೊಸಾ ಲೈಬ್ರರಿ ಬೇಕು, ನಾವು ಜೊತಿಗೆ ಕೊಟ್ಟ ಹಳೇದು ಅದಕ್ಕ ಮೊದಲು ಸಿಕ್ಕೈತಿ. ಇದರಾಗ ಇನ್ನೊಂದು ಕಣ್ಣಿಗೆ ಕಾಣದ್ದು ಐತಿ, ನಾವು ನಮ್ಮ ಪಾತ್ ಹಾಕಿ ಕೋಲನ್ ಹಾಕಿ ಹಳೇ ಬೆಲೆ ಅಂಟಿಸ್ತಿದ್ವಿ, ಹಳೇದು ಖಾಲಿ ಇದ್ರ ಕೊನಿಗೆ ಬರೇ ಕೋಲನ್ ಉಳೀತೈತಿ, ಲೈಬ್ರರಿ ಹುಡುಕಿ ತರೋ ಲೋಡರ್ ಆ ಖಾಲಿ ಜಾಗಾನ್ನ ಈಗ ನಿಂತಿರೋ ಫೋಲ್ಡರ್ ಅಂತ ತಿಳಕೋತೈತಿ. ಅಂದ್ರ ಯಾವ ಫೋಲ್ಡರಿನಾಗ ನಿಂತು ಚಾಲೂ ಮಾಡ್ತೀವೋ ಅಲ್ಲಿ ಯಾರರ ಅದೇ ಹೆಸರಿನ ಲೈಬ್ರರಿ ಇಟ್ರ ಅದು ಲೋಡ್ ಆಗಬಹುದು. ತೂಕದ ಲೆಕ್ಕ ಮಾಡೋ ಸಾಫ್ಟ್‌ವೇರಿಗೆ ಇದು ಸಣ್ಣ ಮಾತಲ್ಲ.

ರಾತ್ರಿ ಹುಬ್ಬಳ್ಳಿಗೆ ಬಂದೆ, ಮಂಗಳವಾರ ಬುಧವಾರ ಎರಡು ದಿವಸ ನಾನು ಆ ಹುಡುಗ ಇಬ್ಬರೂ ಕುಂತು ಟೆಂಪ್ಲೇಟ್ ಪೂರಾ ಹೊಸದಾಗಿ ಬರದ್ವಿ. ರ್‍ಯಾಪರ್ ಅಲ್ಲ, ರ್‍ಯಾಪರ್ ಹುಟ್ಟಸೂದನ್ನ ಸರಿ ಮಾಡಬೇಕು, ಯಾಕಂದ್ರ ಅಂಗಡಿಯಾಗ ಕೈಯಿಂದ ತಿದ್ದಿದ್ದು ಮುಂದಿನ ಬಿಲ್ಡಿಗೆ ಅಳಸಿ ಹೋಗತೈತಿ.

ಮೊದಲು ಲೈಬ್ರರಿ ಪಾತನ್ನ ರ್‍ಯಾಪರಿನಿಂದ ತಗದ್ವಿ. ಬೈನರಿಯೊಳಗ ಆರ್‌ಪಾತ್ ಅಂತ ಲೈಬ್ರರಿ ಹುಡುಕೋ ಜಾಗಾ ಬರಿಬಹುದು, ಅದರಾಗ $ ಚಿಹ್ನೆ ಹಾಕಿ ಒರಿಜಿನ್ ಅಂತ ಬರದ್ರ ಬೈನರಿ ಎಲ್ಲೈತೋ ಅಲ್ಲಿಂದ ಲೈಬ್ರರಿ ಹುಡಕತೈತಿ, ಮಕ್ಕಳಿಗೆ ಏನೂ ದಾಟೂದಿಲ್ಲ. ಮೇಕ್‌ಫೈಲಿನಾಗ (ಮೇಕ್ ಅನ್ನೋ ಬಿಲ್ಡ್ ಟೂಲ್ ಓದೋ ಫೈಲ್) ಹಾಕಿ ಬಿಲ್ಡ್ ಮಾಡಿದ್ವಿ, ಲೈಬ್ರರಿ ಸಿಗವಲ್ದು. ರೀಡ್‌ಎಲ್ಫ್ ಅನ್ನೋ ಟೂಲಿನಿಂದ ಬೈನರಿ ತಗದು ನೋಡಿದ್ರ ಒರಿಜಿನ್ ಅನ್ನೋ ಶಬ್ದದ ಮೊದಲ ಅಕ್ಷರ ಓ ಮಾಯ, $ ಸಹ ಮಾಯ. ಮೇಕ್ ತನ್ನೊಳಗ $ ಮತ್ತ ಅದರ ಮುಂದಿನ ಒಂದ ಅಕ್ಷರ ಕೂಡಿಸಿ ವೇರಿಯಬಲ್ ಅಂತ ತಿಳಕೊಂಡು ನುಂಗಿಬಿಟ್ಟಿತ್ತು. $$ ಅಂತ ಎರಡು ಹಾಕಿ, ಶೆಲ್ಲಿನಿಂದ ಉಳಸಾಕ ಸಿಂಗಲ್ ಕೋಟ್ ಹಾಕಿದ ಮ್ಯಾಲ ಸರಿ ಆತು. ಒಂದ ಶಬ್ದ ಮೇಕ್, ಶೆಲ್ ಎರಡೂ ದಾಟಿ, ಚೂರು ಕೂಡಿಸಿ ಬೈನರಿ ಮಾಡೋ ಲಿಂಕರಿನ ತನಕ ಹೋಗಬೇಕು, ಮೇಕಿಗೆ ಒಂದು ಉಪಾಯ, ಶೆಲ್ಲಿಗೆ ಇನ್ನೊಂದು. ಕೋಡ್ ಹುಟ್ಟಸೋ ಕೋಡಿನಾಗ ಎಲ್ಲಾ ತ್ರಾಸೂ ಇಲ್ಲೇ ಇರತೈತಿ.

ಅದೇ ಮಾತು ಪಾತಿಗೂ. ಮೊದಲು ಪೈಥಾನ್ ಪಾತ್ ತಗೊಂಡು ಡಬಲ್ ಕೋಟಿನಾಗ ಇಡ್ತಿತ್ತು, ಫೋಲ್ಡರ್ ಹೆಸರಿನಾಗ $ ಇಲ್ಲಾ ಬ್ಯಾಕ್‌ಟಿಕ್ ಇದ್ರ ಶೆಲ್ ಅದಕ್ಕ ಬ್ಯಾರೆ ಅರ್ಥ ಹಚ್ಚತೈತಿ, ಕೆಲವು ಸಲ ಓಡಸಾಕನೂ ಹೋಗತೈತಿ. ಈಗ ಸಿಂಗಲ್ ಕೋಟಿನಾಗ ಇಡ್ತೀವಿ, ಒಳಗ ಸಿಂಗಲ್ ಕೋಟ್ ಬಂದ್ರ ಅದನ್ನ '\'' ಮಾಡಬೇಕು, ಪೈಥಾನಿನ ಶ್‌ಲೆಕ್ಸ್ ಮಾಡ್ಯೂಲಿನಾಗ ಕೋಟ್ ಅನ್ನೋ ಫಂಕ್ಷನ್ ಸ್ವಲ್ಪ ಬ್ಯಾರೆ ರೀತಿಯಿಂದ ಈ ಕೆಲಸಾನ ಮಾಡಿ ಕೊಡತೈತಿ, ಸ್ವಂತ ಬರಿಯೂದು ಬ್ಯಾಡ.

ತಾನು ಎಲ್ಲಿ ಅದೇನಿ ಅಂತ ರ್‍ಯಾಪರ್ ಕಂಡ್ಕೊಳ್ಳೂದು ಇನ್ನೊಂದು ಗೋಳು. $0 (ಸ್ಕ್ರಿಪ್ಟನ್ನ ಕರದ ಹೆಸರು) ತಗೊಂಡು ಸಿಡಿ ಕಮಾಂಡಿಂದ ಅದರ ಫೋಲ್ಡರಿಗೆ ಹೋಗಿ, ಪಿಡಬ್ಲ್ಯೂಡಿ ಕಮಾಂಡಿಂದ ಜಾಗಾ ಕೇಳ್ತಿದ್ವಿ. ಬ್ಯಾರೆ ಕಡೆಯಿಂದ ಸಿಮ್‌ಲಿಂಕ್ (ಫೈಲಿಗೆ ದಾರಿ ತೋರಸೋ ಅಡ್ಡಹೆಸರು) ಹಾಕಿದ್ರ $0 ಲಿಂಕಿನ ಜಾಗಾ ಹೇಳತೈತಿ, ಖರೇ ಜಾಗಾ ಅಲ್ಲ. ನಮ್ಮ ಮಷಿನ್ ಎಲ್ಲಾ ಲಿನಕ್ಸ್, ಹಂಗಾಗಿ ರೀಡ್‌ಲಿಂಕ್ ಕಮಾಂಡನ್ನ ಖರೇ ಜಾಗಾ ಹೇಳೋ ಎಫ್ ಆಪ್ಷನ್ ಜೊತಿ ಬಳಸಿದ್ವಿ. ಯುನಿಕ್ಸ್ ನಮೂನಿ ಸಿಸ್ಟಂಗಳ ಪಾಸಿಕ್ಸ್ ಸ್ಟ್ಯಾಂಡರ್ಡಿನಾಗ ರೀಡ್‌ಲಿಂಕ್, ರಿಯಲ್‌ಪಾತ್ ಕಮಾಂಡ್ ಸೇರಿದ್ದ 2024ರಾಗ, ಹಳೇ ಬ್ಯಾರೆ ಸಿಸ್ಟಂ ಇದ್ದವ್ರು ಇದನ್ನ ನಂಬಬ್ಯಾಡ್ರಿ. ಮತ್ತ ನಮ್ಮ ಹುಡುಗನ ಲ್ಯಾಪ್‌ಟಾಪಿನಾಗಷ್ಟ ಒಂದು ಟೆಸ್ಟ್ ಫೇಲ್ ಆಗ್ತಿತ್ತು, ಪಾತ್ ಒಂದರ ಬದಲಿ ಎರಡು ಸಾಲು ಬರ್ತಿತ್ತು. ಅವ ಸಿಡಿಪಾತ್ ಅನ್ನೋ ವೇರಿಯಬಲ್ ಎಕ್ಸ್‌ಪೋರ್ಟ್ ಮಾಡಿ ಇಟ್ಟಿದ್ದ, ಅದರ ಮೂಲಕ ಫೋಲ್ಡರ್ ಸಿಕ್ರ ಸಿಡಿ ಕಮಾಂಡ್ ಹೋದ ಜಾಗಾ ಪ್ರಿಂಟ್ ಮಾಡತೈತಿ. ರ್‍ಯಾಪರಿನಾಗ ಅದನ್ನ ಖಾಲಿ ಮಾಡಿದ್ವಿ, ಮುಗೀತು.

ಫೈಲ್ ಬರಿಯೋ ರೀತಿನೂ ಬದಲಿಸಿದ್ವಿ. ಅದೇ ಫೋಲ್ಡರಿನಾಗ ಟೆಂಪರರಿ ಹೆಸರಿನ ಮ್ಯಾಲ ಪೂರ್ತಿ ಬರದು, ಪರ್ಮಿಷನ್ ಹಾಕಿ, ಆಮ್ಯಾಲ ಒಂದ ಏಟಿಗೆ ರೀನೇಮ್. ಓಡಾಕತ್ತಿದ್ದ ಹಳೇ ಸ್ಕ್ರಿಪ್ಟಿಗೆ ಹಳೇ ಫೈಲೇ ಇರತೈತಿ, ಹೊಸದಾಗಿ ಕರದವ್ರಿಗೆ ಹೊಸಾದು, ಅರ್ಧಮರ್ಧ ಯಾರಿಗೂ ಸಿಗೂದಿಲ್ಲ. ಸಾಲಿನ ಕೊನೆ ಯಾವಾಗಲೂ ಲಿನಕ್ಸ್ ನಮೂನಿ ಇರಬೇಕು ಅಂತನೂ ಪೈಥಾನಿಗೆ ಬಿಡಿಸಿ ಹೇಳಿದ್ವಿ, ಯಾಕಂದ್ರ ವಿಂಡೋಸ್‌ದಾಗ ಹುಟ್ಟಿಸಿದ್ರ ಮೊದಲ ಸಾಲಿನ ಕೊನಿಗೆ ಕಾಣದ ಒಂದು ಕ್ಯಾರೆಕ್ಟರ್ ಸೇರತೈತಿ, ಕಣ್ಣ ಮುಂದ ಫೈಲ್ ಇದ್ರೂ ಸಿಗಲಿಲ್ಲ ಅಂತ ಎರರ್ ಬರತೈತಿ.

ಪ್ರೋಗ್ರಾಂ ಒಳಗೂ ಕೈ ಹಾಕಿದ್ವಿ. ಚೀಲದ ಲೆಕ್ಕದಾಗ ಅಂಕಿ ಬಿಟ್ಟು ಬ್ಯಾರೆ ಏನರ ಬಂದ್ರ, ಇಲ್ಲಾ ಆರ್ಗ್ಯುಮೆಂಟ್ ನಾಲ್ಕಕ್ಕಿಂತ ಹೆಚ್ಚು ಕಮ್ಮಿ ಆದ್ರ, ಚೀಟಿ ಹೊಡಿಯೂದಿಲ್ಲ, ಎರರ್ ಕೊಟ್ಟು ನಿಂದರ್ತೈತಿ. ರೊಕ್ಕದ ಕಾಗದ ತಪ್ಪು ಬರೂದಕ್ಕಿಂತ ಬರದ ಇರೂದು ಛಲೋ. ರೀಡರ್ ಸತ್ರ ಎಬ್ಬಸೋ ಕೆಲಸ ಲಿನಕ್ಸಿನಾಗ ಸರ್ವಿಸ್ ನೋಡ್ಕೊಳ್ಳೋ ಸಿಸ್ಟಂಡಿಗೆ ಕೊಟ್ವಿ.

ಎಲ್ಲಾದಕ್ಕಿಂತ ಉಪಯೋಗ ಆದದ್ದು ಟೆಸ್ಟ್. ಖರೇ ಬೈನರಿ ಜಾಗಾದಾಗ ಹತ್ತು ಸಾಲಿನ ಒಂದು ಪುಟ್ಟ ಪ್ರೋಗ್ರಾಂ ಇಟ್ವಿ, ಅದು ತನಗ ಬಂದ ಆರ್ಗ್ಯುಮೆಂಟ್ ಒಂದೊಂದನ್ನ ಬ್ರ್ಯಾಕೆಟಿನಾಗ ಹಾಕಿ ಒಂದೊಂದು ಸಾಲಿಗೆ ಪ್ರಿಂಟ್ ಮಾಡತೈತಿ, ಅಷ್ಟ. ಆಮ್ಯಾಲ ಕೆಟ್ಟ ಕೆಟ್ಟ ಫೋಲ್ಡರ್ ಹೆಸರು, ಸ್ಪೇಸ್ ಇದ್ದದ್ದು, ಸಿಂಗಲ್ ಕೋಟ್ ಇದ್ದದ್ದು, $ ಇದ್ದದ್ದು, * ಇದ್ದದ್ದು, ಹೈಫನ್‌ನಿಂದ ಚಾಲೂ ಆಗೂದು, ಕನ್ನಡ ಅಕ್ಷರದ್ದು. ಪ್ರತಿಯೊಂದರಾಗ ರ್‍ಯಾಪರ್ ಹುಟ್ಟಿಸಿ, ಮೂರು ಶಬ್ದದ ಹೆಸರು, ಖಾಲಿ ಗಾಡಿ ನಂಬರ್, ಬರೇ * ಹಿಂಗ ಕೊಟ್ಟು, ಡ್ಯಾಶ್, ಬ್ಯಾಶ್, ಬಿಜಿಬಾಕ್ಸ್ ಮೂರೂ ಶೆಲ್ಲಿನಾಗ ಓಡಿಸಿದ್ವಿ. ಶೆಲ್‌ಚೆಕ್ ಅನ್ನೋ ಸ್ಕ್ರಿಪ್ಟಿನ ತಪ್ಪು ಹುಡುಕೋ ಟೂಲ್ ಸಹ ಹುಟ್ಟಿದ ಫೈಲಿನ ಮ್ಯಾಲ ಓಡಿಸಿದ್ವಿ, ಹಳೇ ರ್‍ಯಾಪರ್ ಕೊಟ್ರ ಅದು $* ಇದ್ದ ಸಾಲನ್ನ ಮೊದಲ ಸಲಕ್ಕ ಬೊಟ್ಟು ಮಾಡಿ ತೋರಿಸಿತು. ಪುಕ್ಕಟೆ ಸಿಗೋ ಟೂಲ್, ಮೂರು ವರ್ಷ ಮುಂಚೆ ಒಂದ ಸಲ ಓಡಿಸಿದ್ರ ಸಾಕಾಗಿತ್ತು. ಹೊಸಾ ರ್‍ಯಾಪರ್ ಈಗ ಆರು ಸಾಲು ಐತಿ: ತನ್ನ ಜಾಗಾ ಕಂಡ್ಕೋತೈತಿ, ಕಾನ್ಫಿಗ್ ಎಲ್ಲೈತಿ ಹೇಳತೈತಿ, ಲೊಕೇಲ್ (ಭಾಷಾ ಸೆಟ್ಟಿಂಗ್) ಹಾಕತೈತಿ, ಎಕ್ಸೆಕ್ ಮಾಡತೈತಿ.

ಗುರುವಾರ ಮುಂಜಾನಿ ಪ್ಯಾಟಿ ಚಾಲೂ ಆಗೋ ಮುಂಚೆ ನಾವಿಬ್ಬರೂ ಬ್ಯಾಡಗಿಯಾಗ ಇದ್ವಿ. ಗುಮಾಸ್ತರಿಗೆ ಕೇಳಿದೆ, ಫೋಲ್ಡರಿಗೆ ನಿಮಗ ಏನ್ ಹೆಸರು ಬೇಕೋ ಅದ ಇಡ್ರಿ ಅಂತ. ಅವರು ಮತ್ತ 'ಮೆಣಸಿನಕಾಯಿ ತೂಕ' ಅಂತ ಹಗುರಕ ಟೈಪ್ ಮಾಡಿ, ನಡುವ ಸ್ಪೇಸ್ ಹೊಡಿಯೋ ಮುಂದ ನನ್ನ ಮುಖ ನೋಡಿದ್ರು. ಹೊಡೀರಿ ಅಂದೆ. ಮೊದಲ ಲಾಟ್ ಕಾಟಾದ ಮ್ಯಾಲ ಬಂತು, ಚೀಟಿ ಹೊರಗ ಬಂತು, ಶ್ರೀ, ದೇವರ ಹೆಸರು, ಟ್ರೇಡರ್ಸ್, ಚೀಲ 32, ಕಳದ ತೂಕ 32 ಕೆಜಿ. ಅವರು ಕ್ಯಾಲ್ಕುಲೇಟರ್ ತಗದು ತಾವೂ ಒಮ್ಮೆ ಲೆಕ್ಕ ಹಾಕಿ ನೋಡಿ ತಲಿ ಹಾಕಿದ್ರು. ಹೆಸರು ಪೂರ್ತಿ ಬಂದದ್ದಕ್ಕ ಚೀಟಿ ಅಗಲ ಸಾಲದ ಟ್ರೇಡರ್ಸ್ ಅನ್ನೋದು ಎರಡನೇ ಸಾಲಿಗೆ ಹೋಗಿತ್ತು, "ಸರ್ರ, ಒಂದ ಸಾಲಿನಾಗ ಬಂದ್ರ ಛಲೋ ಆಗತೈತ್ರಿ" ಅಂದ್ರು, ಅಲ್ಲೇ ಕುಂತು ಹೆಸರಿನ ಫಾಂಟ್ ಒಂದು ಸೈಜ್ ಸಣ್ಣದು ಮಾಡಿ ಕೊಟ್ಟೆ.